ನಾನು ಬರೆದುಕೊಟ್ಟ ಒಂದು ಅರ್ಜಿ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಶ್ರೀಮಠದ ಈ ಶಾಲೆಯಲ್ಲಿ ಉಪಾಧ್ಯಾಯನಾಗಿ ಕಳೆದ ವರ್ಷಗಳ ಸವಿನೆನಪುಗಳಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದಿತ್ತು. ಮನಸ್ಸು ಮಾತ್ರ ಹೋಗಿ ನಿಂತದ್ದು ಒಂದು ಅರ್ಜಿಯ ಮೇಲೆ.

ಕಾನಹೊಸಹಳ್ಳಿಯ ಸಮೀಪದ ಹಳ್ಳಿಯೊಂದರ ವೃದ್ಧೆ ಒಂದು ಸಂಜೆ ನಮ್ಮ ಮನೆಯ ಕಟ್ಟೆಗೆ ಬಂದು ಕುಳಿತಳು. ಆಕೆಯ ಮಗ ನನ್ನ ಶಿಷ್ಯ. ಹೊಲದ ಬದುವಿನ ಜಗಳದಲ್ಲಿ ಒಂದು ಜೀವ ಹೋಗಿತ್ತು. ಕೊಡಲಿ ಬೀಸಿದವನಿಗೂ, ಅವನ ಜೊತೆಗೆ ಹೋಗಿ ನಿಂತಿದ್ದ ಹತ್ತೊಂಬತ್ತರ ಈ ಹುಡುಗನಿಗೂ ‘ಸಮಾನ ಉದ್ದೇಶ’ದ ಕಲಮಿನಂತೆ ಒಂದೇ ಜೀವಾವಧಿ ಶಿಕ್ಷೆ. ನ್ಯಾಯಾಧೀಶರನ್ನು ದೂರುವಂತಿಲ್ಲ, ಕೊಲೆ ಸಾಬೀತಾದರೆ ಅದಕ್ಕಿಂತ ಕಡಿಮೆ ವಿಧಿಸಲು ಕಾನೂನಿನಲ್ಲಿ ಅವಕಾಶವೇ ಇಲ್ಲ.

“ಮಾಸ್ತರೇ, ಹದ್ನಾಕು ವರ್ಷ ಮುಗುದ್ವು. ಇನ್ನೂ ಯಾಕ್ ಬಿಡವಲ್ರು?” ಎಂದಳು.

ಹದಿನಾಲ್ಕು ತುಂಬಿದರೆ ಬಿಡುಗಡೆ ತಾನಾಗಿ ಬರುತ್ತದೆಂದು ನಾನೂ ತಿಳಿದಿದ್ದೆ. ಕುಡಿತಿನಿಯ ಕಡೆಯ ವಕೀಲ ಮಿತ್ರರು ತಿದ್ದಿದರು. ಜೀವಾವಧಿಯೆಂದರೆ ಉಸಿರಿರುವವರೆಗೆ ಎಂದು ಸುಪ್ರೀಂ ಕೋರ್ಟು 1961ರಲ್ಲಿಯೇ, ಗೋಪಾಲ ಗೋಡ್ಸೆಯ ಮೊಕದ್ದಮೆಯಲ್ಲಿ, ಹೇಳಿದೆ. 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿದ 433ಎ ಕಲಮು ಇಂಥ ಅಪರಾಧಗಳಲ್ಲಿ 14 ವರ್ಷಕ್ಕೆ ಮೊದಲು ಬಿಡಕೂಡದೆಂದಿತೇ ಹೊರತು, ಆಮೇಲೆ ಬಿಡಲೇಬೇಕೆನ್ನಲಿಲ್ಲ. ಆದರೆ ಸಂವಿಧಾನದ 161ನೆಯ ವಿಧಿಯು ರಾಜ್ಯಪಾಲರಿಗಿತ್ತ ಕ್ಷಮಾದಾನದ ಅಧಿಕಾರವನ್ನು ಆ ಕಲಮು ಕಟ್ಟಿಹಾಕಲಾರದೆಂಬುದು 1980ರ ಮಾರು ರಾಮ್ ತೀರ್ಪು. ಮಂತ್ರಿಮಂಡಲದ ಸಲಹೆಯಂತೆ ರಾಜ್ಯಪಾಲರು ಶಿಕ್ಷೆಯನ್ನು ತಗ್ಗಿಸಬಹುದು. ಒಂದೇ ಅಳತೆಯ ಅಂಗಿಯನ್ನು ಎಲ್ಲರಿಗೂ ತೊಡಿಸುವ ಕಾನೂನಿಗೆ ಇಂಥದೊಂದು ಕತ್ತರಿ ಬೇಕೇ ಬೇಕೆಂದು ನನಗೆ ತೋರಿತು.

ಬರೆಯಲು ಕುಳಿತೆ. ಅರ್ಧದಲ್ಲಿ ಲೇಖನಿ ನಿಂತಿತು. ಸತ್ತವನ ಮಗಳೂ ನಮ್ಮ ಶಾಲೆಯವಳೇ! ಅವಳಿಗೆ ತಿಳಿಸದೆ ಕಳುಹಿಸುವುದು ಕಳ್ಳತನವೆನಿಸಿ ಮರುದಿನ ಅವಳ ಮನೆಗೆ ಹೋದೆ. ಬಹಳ ಹೊತ್ತು ಸುಮ್ಮನಿದ್ದು, “ನೀವು ಬರೀರಿ ಸರ್. ನನ್ನ ಸಹಿ ಮಾತ್ರ ಕೇಳಬ್ಯಾಡ್ರಿ” ಎಂದಳು. ಚಹಾ ಕೊಟ್ಟಳು. ಕುಡಿಯುವುದು ಕಷ್ಟವಾಯಿತು.

ಅರ್ಜಿಯನ್ನು ಹರಿದು ಮತ್ತೆ ಬರೆದೆ. ಹುಡುಗ ನಿರಪರಾಧಿಯೆಂಬ ಮಾತನ್ನು ತೆಗೆದೆ. ಅವನ ವಯಸ್ಸು, ಕೃತ್ಯದಲ್ಲಿ ಅವನ ಪಾಲು, ಸೆರೆಮನೆಯ ನಡತೆ, ಮೃತನ ಮನೆಯವರ ಆರದ ನೋವು, ಇಷ್ಟನ್ನೇ ಉಳಿಸಿದೆ. ತಾಯಿ ಹೆಬ್ಬೆಟ್ಟು ಒತ್ತಿ, ಅಂಚೆಯ ರಸೀದಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಎರಡು ವರ್ಷಗಳ ತರುವಾಯ ಅವನು ಬಳ್ಳಾರಿಯಿಂದ ಬಿಡುಗಡೆಯಾಗಿ ಬಂದ. ಈಗ ಬೇಸಾಯ ಮಾಡಿಕೊಂಡಿದ್ದಾನೆ. ಹೊಲಕ್ಕೆ ಹತ್ತಿರದ ದಾರಿಯಿರುವುದು ಆ ಬದುವಿನ ಮೇಲೆಯೇ. ಅದನ್ನು ಬಿಟ್ಟು ಹಳ್ಳದ ಕಡೆಯಿಂದ ಸುತ್ತಿಬಳಸಿ ಹೋಗುತ್ತಾನೆ.