ಪಾಠದಲ್ಲಿ ಇಲ್ಲದ ಉತ್ತರ

ಉಪಮಾಲಂಕಾರ ಎಂದರೇನು ಎಂದು ಕೇಳಿ ನೋಡಿ, ನಮ್ಮ ಮಕ್ಕಳು ಉಸಿರು ಬಿಡದೆ ಒಪ್ಪಿಸುತ್ತಾರೆ. ಉಪಮೇಯ, ಉಪಮಾನ, ವಾಚಕ ಪದ, ಸಮಾನ ಧರ್ಮ - ನಾಲ್ಕೂ ಬಾಯಿಪಾಠ. ಉದಾಹರಣೆ ಕೇಳಿದರೆ ಮಾತ್ರ ಎಲ್ಲರಿಗೂ ಸೀತೆಯ ಮುಖವೊಂದೇ ಗತಿ. ಪಾಪ, ಅದು ವರ್ಷವಿಡೀ ಕಮಲದಂತೆ ಅರಳಿಯೇ ಇರಬೇಕು!

ಅರ್ಧವಾರ್ಷಿಕ ಪರೀಕ್ಷೆ ಹತ್ತಿರ ಬಂದಾಗ ನೆರೆಯ ಮಕ್ಕಳು ಕನ್ನಡ ಪುಸ್ತಕ ಹಿಡಿದುಕೊಂಡು ನಮ್ಮ ಜಗಲಿಗೆ ಬರುವುದುಂಟು. ಮಂಗಳೂರಿನ ಮಕ್ಕಳಲ್ಲವೇ, ಒಬ್ಬರ ಮನೆಮಾತು ತುಳು, ಇನ್ನೊಬ್ಬರದು ಕೊಂಕಣಿ, ಮತ್ತೊಬ್ಬರದು ಬ್ಯಾರಿ. ಕನ್ನಡ ಹೆಚ್ಚಾಗಿ ಶಾಲೆಯ ಮಾತು. ಏಳನೆಯ ತರಗತಿಯ ಹುಡುಗಿಯೊಬ್ಬಳು ಈ ಸಲ, "ನನಗೆ ಕನ್ನಡ ತಲೆಗೇ ಹೋಗುವುದಿಲ್ಲ ಅಕ್ಕಾ, ನಾನು ದಡ್ಡಿ" ಎಂದುಬಿಟ್ಟಳು. ಅಷ್ಟರಲ್ಲಿ ಮಳೆ ಹೊಡೆಯಿತು. "ಅಬ್ಬಾ, ಕೊಡಪಾನದಲ್ಲಿ ನೀರು ಹೊಯ್ದ ಹಾಗೆ ಬರ್ತಾ ಉಂಟು!" ಎಂದವಳೂ ಅವಳೇ.

"ಇದರಲ್ಲಿ ಉಪಮೇಯ ಯಾವುದು?" ಎಂದೆ.

ಕಣ್ಣರಳಿಸಿದಳು. ಮಳೆ ಉಪಮೇಯ, ಕೊಡಪಾನದ ನೀರು ಉಪಮಾನ, 'ಹಾಗೆ' ವಾಚಕ ಪದ, ಹೊಯ್ಯುವುದು ಸಮಾನ ಧರ್ಮ. ಒಂದೊಂದಾಗಿ ತಾನೇ ಹೇಳಿದಳು.

ಹೆಸರುಗಳು ಬೇಡವೆಂದು ನಾನು ಹೇಳುವುದಿಲ್ಲ. ಕಿಟೆಲ್ ಸಂಪಾದಿಸಿದ ನಾಗವರ್ಮನ 'ಛಂದೋಂಬುಧಿ' 1875ರಲ್ಲಿ ಅಚ್ಚಾದದ್ದು ಇದೇ ಊರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಮೂವತ್ತಾರು ವರ್ಷ ಕಳೆದು, 1911ರಲ್ಲಿ, ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಇರಬೇಕೆಂಬ ಪ್ರಾಸದ ಕಟ್ಟನ್ನು ಕೈಬಿಟ್ಟ ಗೋವಿಂದ ಪೈಗಳು ಹುಟ್ಟಿದ್ದೂ ಇದೇ ಊರಿನಲ್ಲಿ. ನಿಯಮ ಬಲ್ಲವರಿಗೇ ಅದನ್ನು ಬಿಡುವ ಧೈರ್ಯ ಬರುವುದು. ಆದರೆ ಮೊದಲು ಸವಿ, ಆಮೇಲೆ ಹೆಸರು.

ಓದುವುದರಲ್ಲೂ ಹೀಗೆಯೇ. ಆ ಹುಡುಗಿ ತಡವರಿಸದೆ ಓದುತ್ತಾಳೆ. ಪ್ರಶ್ನೆಯಲ್ಲಿರುವ ಪದ ಪಾಠದ ಯಾವ ಸಾಲಿನಲ್ಲಿದೆ ಎಂದು ಹುಡುಕಿ ಆ ಸಾಲನ್ನೇ ಬರೆದಿಡುತ್ತಾಳೆ. ಅಂಕ ಸಿಗುತ್ತದೆ, ಅರ್ಥ ಸಿಗುವುದಿಲ್ಲ. ನಾನೊಂದು ಚೀಟಿಯಲ್ಲಿ ಎರಡು ವಾಕ್ಯ ಬರೆದುಕೊಟ್ಟೆ: 'ಅಜ್ಜಿ ಎರಡು ಬಟ್ಟಲು ತೊಳೆದಿಟ್ಟಳು. ಬಾಗಿಲಿಗೆ ಚಿಲಕ ಹಾಕದೆ ಮಲಗಿದಳು.' ಅಜ್ಜಿ ಏನು ಯೋಚಿಸುತ್ತಿದ್ದಾಳೆ?

"ಅದು ಪಾಠದಲ್ಲಿ ಇಲ್ಲ ಅಕ್ಕಾ."

ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲನೆ ಹೇಳಿದಳು: "ಯಾರೋ ಬರುವವರಿದ್ದಾರೆ. ಅಪ್ಪ ಬೋಟಿನಿಂದ ಬರುವ ರಾತ್ರಿ ಅಮ್ಮನೂ ಚಿಲಕ ಹಾಕುವುದಿಲ್ಲ."

ತಾನು ದಡ್ಡಿ ಎಂದವಳು ಇವಳೇ ನೋಡಿ! ಬರೆಯದೆ ಬಿಟ್ಟದ್ದನ್ನು ಬರೆದದ್ದರಿಂದ ತಿಳಿಯುವುದು ನಮ್ಮ ಜಿಲ್ಲೆಗೆ ಹೊಸತಲ್ಲ. ತಾಳಮದ್ದಳೆಯಲ್ಲಿ ಭಾಗವತರು ಹಾಡುವ ಪದ್ಯ ನಾಲ್ಕು ಸಾಲು. ಕರ್ಣನ ಮನಸ್ಸಿನಲ್ಲಿ ಅಡಗಿದ್ದನ್ನೆಲ್ಲ ಆ ನಾಲ್ಕು ಸಾಲಿನಿಂದಲೇ ಅರ್ಥಧಾರಿ ಹೊರಗೆಳೆಯುತ್ತಾನೆ. ವೇಷವಿಲ್ಲ, ಕುಣಿತವಿಲ್ಲ, ಮಾತೇ ಎಲ್ಲ.

ಇದಕ್ಕೆ ಟ್ಯೂಷನ್ ಬೇಕಾಗಿಲ್ಲ. ಒಲೆಯ ಮುಂದೆ ದೋಸೆ ಹೊಯ್ಯುತ್ತಲೇ ಮಗುವಿನಿಂದ ಅರ್ಧ ಪುಟ ಓದಿಸಿ. ಪುಸ್ತಕ ಮುಚ್ಚಿಸಿ ಎರಡೇ ಪ್ರಶ್ನೆ ಕೇಳಿ: ಇದರಲ್ಲಿ ಏನು ಹೇಳಿದ್ದಾರೆ? ಹೇಳದೆ ಬಿಟ್ಟದ್ದು ಏನು? ಉತ್ತರ ತುಳುವಿನಲ್ಲಿ ಬಂದರೆ ಬರಲಿ. ಅರ್ಥವಾದದ್ದನ್ನು ಕನ್ನಡಕ್ಕೆ ತರುವುದು ಮಗುವಿಗೆ ಕಷ್ಟವಾಗದು.