ಬರೆದ ಅಂಕಿಯನ್ನು ಓದುವವರು ಯಾರು?

ಮುಡುಕುತೊರೆ ಜಾತ್ರೆಯ ದನಗಳ ಸಾಲಿನಲ್ಲಿ ಒಮ್ಮೆ ಸುತ್ತಾಡಿದವರಿಗೆ ಗೊತ್ತು, ನಮ್ಮ ಕಡೆಯ ರೈತ ಲೆಕ್ಕದಲ್ಲಿ ಹಿಂದೆ ಬಿದ್ದವನಲ್ಲ. ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಆಮೇಲಷ್ಟೇ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆಯ ಮಾತು. ದುಡ್ಡು ಕೊಟ್ಟು ಎತ್ತನ್ನು ಮನೆಗೆ ಹೊಡೆದುಕೊಂಡು ಬಂದ ಮೇಲೆ ಹಲ್ಲು ಎಣಿಸುವವನನ್ನು ನಾನು ಕಂಡಿಲ್ಲ. ಮನುಷ್ಯರ ಆರೋಗ್ಯದ ವಿಷಯದಲ್ಲಿ ಮಾತ್ರ ಈ ತಡವಾದ ಎಣಿಕೆ ನಮಗೆ ರೂಢಿಯಾಗಿಬಿಟ್ಟಿದೆ.

ನನ್ನ ಅತ್ತಿಗೆ ಆಶಾ ಕಾರ್ಯಕರ್ತೆ. ಬಸುರಿಯರ ಮನೆಗಳಿಗೆ ಹೋಗುವುದು, ತಾಯಿ ಕಾರ್ಡ್ ಮಾಡಿಸುವುದು, ತಪಾಸಣೆಗೆ ಕರೆದೊಯ್ಯುವುದು ಅವರ ಕೆಲಸ. ತೂಕ, ಬಿಪಿ, ರಕ್ತದ ಅಂಶ ಎಲ್ಲವೂ ಕಾರ್ಡಿಗೆ, ರಿಜಿಸ್ಟರಿಗೆ, ಅಲ್ಲಿಂದ ಕಂಪ್ಯೂಟರಿಗೆ ಹೋಗುತ್ತವೆ. ಹೋದ ಮೇಲೆ ಏನಾಗುತ್ತದೆ ಎಂದು ಕೇಳಿದೆ.

“ಈ ಕಾಲಂ ಯಾಕೆ ಖಾಲಿ ಅಂತ ಕೇಳ್ತರೆ ಕಣಪ್ಪ. ಈ ಹೆಣ್ಮಗಿಗೆ ರಕ್ತ ಆರೇ ಯಾಕದೆ ಅಂತ ಯಾರೂ ಕೇಳಕಿಲ್ಲ” ಅಂದರು.

ಆ ಆರು ಸಣ್ಣ ವಿಷಯವಲ್ಲ. ಬಸುರಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ಅದು ತೀವ್ರ. 12 ಇರುವವಳು ತಡೆದುಕೊಳ್ಳುವ ರಕ್ತಸ್ರಾವ 6 ಇರುವವಳ ಜೀವ ತೆಗೆಯಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ನಾಲ್ಕನೇ ತಿಂಗಳಲ್ಲಿ ಆ ಅಂಕಿಯನ್ನು ಒಬ್ಬರು ಓದಿದರೆ ಕಬ್ಬಿಣಾಂಶದ ಇಂಜೆಕ್ಷನ್ ಕೊಡಿಸಲು, ರಕ್ತ ಹೊಂದಿಸಲು, ಹೆರಿಗೆ ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲೇ ಆಗಲಿ ಎಂದು ತೀರ್ಮಾನಿಸಲು ಸಮಯವಿರುತ್ತದೆ. ನಡುರಾತ್ರಿ ನೋವು ಶುರುವಾಗಿ, ಇಲ್ಲಿಂದ ನರಸೀಪುರ, ಅಲ್ಲಿಂದ ಮೈಸೂರು ಎಂದು ಆಂಬುಲೆನ್ಸ್ ಓಡುವ ಹೊತ್ತಿಗೆ ಅದೇ ಅಂಕಿ ಕೇಸ್‌ಶೀಟಿನ ಒಂದು ಸಾಲು, ಅಷ್ಟೆ.

ಹೆರಿಗೆ ಕೋಣೆಯಲ್ಲಿ ಪಾರ್ಟೋಗ್ರಾಫ್ ಎಂಬ ಒಂದು ಹಾಳೆಯಿರುತ್ತದೆ. ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ, ಮಗುವಿನ ಎದೆಬಡಿತ ಎಷ್ಟಿದೆ ಎಂದು ಹೊತ್ತುಹೊತ್ತಿಗೆ ಗುರುತು ಹಾಕುತ್ತಾ ಹೋಗಬೇಕು. ಗುರುತುಗಳು ಎಚ್ಚರಿಕೆಯ ಗೆರೆ ದಾಟಿದರೆ ಹೆರಿಗೆ ತಡವಾಗುತ್ತಿದೆ, ದೊಡ್ಡ ಆಸ್ಪತ್ರೆಗೆ ಕಳಿಸಬೇಕೇ ಎಂದು ಯೋಚಿಸಿ ಎಂದರ್ಥ. ಹೆರಿಗೆ ಮುಗಿದ ಮೇಲೆ ಫೈಲು ಪೂರ್ತಿಯಾಗಲೆಂದು ತುಂಬಿದ ಪಾರ್ಟೋಗ್ರಾಫ್ ನೋಡಲು ಬಲು ಅಚ್ಚುಕಟ್ಟು. ಆದರೆ ಅದು ಯಾರನ್ನೂ ಎಚ್ಚರಿಸಿರುವುದಿಲ್ಲ.

ಹಾಗೆಂದು ತಡವಾಗಿ ಓದಿದ ಅಂಕಿಯೆಲ್ಲ ವ್ಯರ್ಥವೆಂದಲ್ಲ. ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. ದಶಕಗಳ ನಂತರ ಸಂಶೋಧಕರು ಆ ಪುಸ್ತಕಗಳನ್ನು ತೆರೆದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಪತ್ತೆಹಚ್ಚಿ ಹೃದಯ ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆಯಿತ್ತು, 3.1 ಕಿಲೋಗಿಂತ ಹೆಚ್ಚು ತೂಗಿದವರಲ್ಲಿ 3 ಮಂದಿಗೆ. ತಾಯಿಯ ಹೊಟ್ಟೆಯಲ್ಲಿ ಸೊರಗಿದ ಮಗು ನಡುವಯಸ್ಸಿನಲ್ಲಿ ಅದರ ಸಾಲ ತೀರಿಸುತ್ತದೆ ಎಂಬ ಮಾತಿಗೆ ಆಧಾರ ಸಿಕ್ಕಿದ್ದು ನಮ್ಮದೇ ಜಿಲ್ಲೆಯ ದಾದಿಯರ ಕೈಬರಹದಲ್ಲಿ. ಅವರು ಬರೆದರು, ಆಸ್ಪತ್ರೆ ಎಸೆಯದೆ ಇಟ್ಟಿತು, ಇನ್ನೊಬ್ಬರು ಬಂದು ಓದಿದರು.

ಸಾವಿನ ಲೆಕ್ಕಕ್ಕೂ ಇದೇ ಮಾತು. ಸತ್ತವಳಿಗೆ ತಡವಾಯಿತು, ಮುಂದಿನವಳಿಗೆ ಆಗಿಲ್ಲ. ಕೇರಳದ ಪ್ರಸೂತಿ ತಜ್ಞರ ಒಕ್ಕೂಟ 2004ರಲ್ಲಿ ತಾಯಂದಿರ ಸಾವುಗಳ ಗೋಪ್ಯ ಪರಿಶೀಲನೆ ಆರಂಭಿಸಿತು. ಅಲ್ಲಿ ಕೇಳುವುದು ಯಾರು ತಪ್ಪು ಮಾಡಿದರು ಎಂದಲ್ಲ, ಏನಾಯಿತು ಎಂದು. ರಕ್ತಸ್ರಾವವೇ ಮೊದಲ ಶತ್ರು ಎಂದು ಹೀಗೆ ಕಾಣಿಸಿತು. ಅದನ್ನು ತಡೆಯುವುದರ ಮೇಲೆ ತರಬೇತಿ ನಡೆಯಿತು. 2018–20ರಲ್ಲಿ ಲಕ್ಷ ಜನನಕ್ಕೆ ಕೇರಳದಲ್ಲಿ 19 ತಾಯಂದಿರು ಸತ್ತರೆ ಕರ್ನಾಟಕದಲ್ಲಿ 69. ಈ ಅಂತರಕ್ಕೆ ಬೇರೆ ಕಾರಣಗಳೂ ಇವೆ. 2004–06ರಲ್ಲಿ 213 ಇದ್ದ ನಾವು 69ಕ್ಕೆ ಇಳಿದಿದ್ದೂ ಕಡಿಮೆಯೇನಲ್ಲ. ಆದರೂ 19 ಎಂಬುದು ಪಕ್ಕದ ಮನೆಯಲ್ಲೇ ಇತ್ತು.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು. ಗ್ಲೂಕೋಸಿನಂತೆ ನರಕ್ಕೆ ಹಾಕುವ ದ್ರಾವಣದ ಮೇಲೆ ಅನುಮಾನ ಬಂತು, ಅದರ ಬಳಕೆ ನಿಂತಿತು, ರಾಜ್ಯದ ಎಲ್ಲ ತಾಯಂದಿರ ಸಾವಿನ ಆಡಿಟ್ ನಡೆಯಿತು. ಇಂಥ ಕಡೆ ಬಾಟಲಿಯ ಬ್ಯಾಚ್ ನಂಬರ್ ಎಂಬ ಪುಟ್ಟ ಅಂಕಿಗೆ ಜೀವದ ಬೆಲೆ. ಅದು ಕೇಸ್‌ಶೀಟಿನಲ್ಲಿದ್ದು, ಎರಡನೆಯವಳ ಕೇಸ್‌ಶೀಟನ್ನು ಮೊದಲನೆಯವಳದರ ಪಕ್ಕ ಇಟ್ಟು ನೋಡುವವರು ಇದ್ದರೆ ಮೂರನೆಯವಳಿಗೆ ಆ ಬಾಟಲಿ ಏರುವುದಿಲ್ಲ.

ಇದಕ್ಕೆ ದೊಡ್ಡ ಯಂತ್ರ ಬೇಡ. ಅಂಕಿಯನ್ನು ಬೆತ್ತವಾಗಿ ಹಿಡಿಯದಿದ್ದರೆ ಸಾಕು. ಕಡಿಮೆ ಬರೆದರೆ ನೋಟಿಸು ಬರುತ್ತದೆ ಎಂಬ ಭಯವಿದ್ದಲ್ಲಿ ಆರು ಮೆಲ್ಲಗೆ ಒಂಬತ್ತಾಗುತ್ತದೆ. ವರದಿ ಚೆಂದವಾಗುತ್ತದೆ, ಬಸುರಿಯ ರಕ್ತ ಆರರಲ್ಲೇ ಇರುತ್ತದೆ.

ಅತ್ತಿಗೆ ಈಗ ತಮ್ಮದೇ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದಾರೆ. ರಕ್ತ ಏಳು ಮುಟ್ಟದವರ ಹೆಸರು, ದಿನ ತುಂಬುವ ತಾರೀಖು, ರಕ್ತದ ಗುಂಪು, ರಾತ್ರಿ ಗಾಡಿ ತರಬಲ್ಲವರ ಫೋನ್ ನಂಬರ್. ಇದನ್ನು ಅವರು ಎಲ್ಲಿಗೂ ಕಳಿಸಬೇಕಿಲ್ಲ; ಸೋಮವಾರ ಸೋಮವಾರ ತಾವೇ ತೆರೆದು ಓದುತ್ತಾರೆ. ಮೇಲಿನವರು ಕೇಳಬೇಕಾದದ್ದು ಆ ಹಾಳೆಯನ್ನು.