ಬೋರಿನ ನಂಬರ್ ಮ್ಯಾಲಿರ್ಲಿ

ಮೆಣಸಿನಕಾಯಿ ಕಣಕ್ಕೆ ಬಿತ್ತೆಂದರೆ ಹಾವೇರಿ ಕಡೆಯ ನಮ್ಮೂರು ಮೋಟೆಬೆನ್ನೂರಿನ ಗಂಡಸರಿಗೆ ಮನೆಯ ಹಾಸಿಗೆ ಇಲ್ಲ. ಹಗಲು ಬಿಸಿಲು ಕಾಯಬೇಕು, ರಾತ್ರಿ ಕಳ್ಳರನ್ನು ಕಾಯಬೇಕು. 2018ರ ಜನವರಿಯಲ್ಲಿ ನಾನು ಊರಿಗೆ ಹೋದಾಗ ದೊಡ್ಡಪ್ಪನ ಕಣದ ತುಂಬ ಡಬ್ಬಿ ಕಾಯಿ ಹರವಿತ್ತು. ಹತ್ತಿಕಟ್ಟಿಗೆಯ ಬೆಂಕಿ ಮಾಡಿಕೊಂಡು ಇಬ್ಬರೂ ಗೋಣಿಚೀಲದ ಮೇಲೆ ಕೂತೆವು. ಆಚೆ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಲಾರಿಗಳ ಸದ್ದು. ಅವತ್ತೇ ಬೆಂಗಳೂರಿನಿಂದ ಅಣ್ಣ ಕಳಿಸಿದ್ದ ಸ್ಮಾರ್ಟ್‌ಫೋನನ್ನು ದೊಡ್ಡಪ್ಪ ಅಂಗಿಯ ಒಳಗಿಸೆಯಿಂದ ತೆಗೆದು ನನ್ನ ಕೈಗಿಟ್ಟ.

"ತಮ್ಮಾ, ಇದಕ್ಕ ಬಟನ್ನ ಇಲ್ಲಲ್ಲೋ. ಕತ್ತಲದಾಗ ಹ್ಯಾಂಗ ಒತ್ತೂದು?"

ಅವನ ಹಳೆಯ ಫೋನಿನ ಕೀಲಿಗಳ ಮೇಲೆ ಅಂಕಿಯೆಲ್ಲ ಅಳಿಸಿಹೋಗಿ ವರ್ಷಗಳಾಗಿದ್ದವು. ಬೆರಳೇ ನೋಡಿಕೊಳ್ಳುತ್ತಿತ್ತು. ಈ ಗಾಜಿಗೆ ಆ ಬೆರಳಿನ ಗುರುತೇ ಹತ್ತಲಿಲ್ಲ. ಕುಂಟೆ, ಕುಡಗೋಲು ಹಿಡಿದು ದಪ್ಪಾದ ತುದಿ; ಎಷ್ಟು ಒತ್ತಿದರೂ ತೆರೆ ಸುಮ್ಮನಿತ್ತು. ನೋಟು ಎಣಿಸುವವರು ಮಾಡುವ ಹಾಗೆ ಬೆರಳನ್ನು ನಾಲಿಗೆಗೆ ಹಚ್ಚಿ ಒತ್ತಿದ. ಹಗಲೆಲ್ಲ ಕಾಯಿ ಆರಿಸಿದ ಬೆರಳು! ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅಂತ ಹೊರಗಿನವರು ಹೇಳುತ್ತಾರೆ. ಅವರು ಆ ರಾತ್ರಿ ದೊಡ್ಡಪ್ಪ ನೀರಿನ ಕೊಡಕ್ಕೆ ಓಡಿದ್ದನ್ನು ನೋಡಬೇಕಿತ್ತು. ಕಡೆಗೆ ಕಿರುಬೆರಳಿಗೆ ತೆರೆ ಓಗೊಟ್ಟಿತು. ಇವತ್ತಿಗೂ ಅವನು ಫೋನು ಆಡಿಸುವುದು ಕಿರುಬೆರಳಿನಲ್ಲೇ.

ಮೊದಲು ಭಾಷೆ ಬದಲಿಸಿದೆ. 2012ಕ್ಕಿಂತ ಹಿಂದಿನ ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಅಂದರೆ ಬರೀ ಖಾಲಿ ಚೌಕಗಳು. ಅಕ್ಷರ ಮೂಡತೊಡಗಿದ್ದು ಆ ವರ್ಷ ಬಂದ 4.1ರಿಂದ. ಫೋನಿನ ಪಟ್ಟಿ, ಸೂಚನೆ ಎಲ್ಲ ಕನ್ನಡದಲ್ಲಿ ಸಿಕ್ಕಿದ್ದು 2014ರ 5.0 ಆವೃತ್ತಿಯಲ್ಲಿ. ಅಲ್ಲಿಂದ ಈಚೆಗೆ ಫೋನಿನ ಹೊಟ್ಟೆಯಲ್ಲಿ ಕನ್ನಡ ಇದ್ದೇ ಇರುತ್ತದೆ, ಅಂಗಡಿಯವರು ಮಾತ್ರ ಇಂಗ್ಲಿಷಿನಲ್ಲೇ ಬಿಟ್ಟು ಕಳಿಸುತ್ತಾರೆ. ಅಕ್ಷರದ ಗಾತ್ರವನ್ನು ತುತ್ತತುದಿಗೆ ಏರಿಸಿದೆ. ದೊಡ್ಡಪ್ಪ ಕನ್ನಡಕ ತೆಗೆದು ಓದಿ, "ಈಗ ನಮ್ಮದಾತು" ಅಂದ.

ಬೆರಳಚ್ಚಿನ ಬೀಗ ಹಾಕಹೋದರೆ ಅದೂ ಒಪ್ಪಲಿಲ್ಲ. ರೇಷನ್ ಯಂತ್ರದ ಮುಂದೆಯೂ ಅವನ ಹೆಬ್ಬೆರಳಿನದು ಇದೇ ರಗಳೆ. ಚುಕ್ಕಿ ಜೋಡಿಸುವ ಬೀಗ ತೋರಿಸಿದೆ. ತನ್ನ ಹೊಲದ ಬದುವಿನ ಆಕಾರವನ್ನೇ ಗೆರೆ ಎಳೆದ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಊರವರಿಗೆಲ್ಲ ಆ ಹೊಲ ಗೊತ್ತು.

ತೆರೆಯ ಮೇಲೆ ಕಂಪನಿಯವರು ಇಟ್ಟಿದ್ದ ಹಿಮದ ಬೆಟ್ಟ ಅವನಿಗೆ ಹಿಡಿಸಲಿಲ್ಲ. "ಮಹದೇವಪ್ಪನವರ ಫೋಟೋ ಹಾಕು" ಅಂದ. ಮೈಲಾರ ಮಹದೇವಪ್ಪ ಹುಟ್ಟಿದ್ದು ಇದೇ ಮೋಟೆಬೆನ್ನೂರಿನಲ್ಲಿ, 1911ರಲ್ಲಿ. ಇನ್ನೂ ಇಪ್ಪತ್ತು ತುಂಬದ ಹುಡುಗ 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋಗಿ ಗುಂಡಿಗೆ ಬಲಿಯಾದ. ಚಿತ್ರ ಹಾಕಿದೆ. ಆದರೆ ಆಪ್‌ಗಳ ಚಿಹ್ನೆಗಳು ಮುಖದ ಮೇಲೆಯೇ ಬಂದು ಕೂತವು. "ಅವರ ಮಾರಿ ಮ್ಯಾಲೆ ಏನೂ ಇರಬಾರ್ದು, ತೆಗಿ ಎಲ್ಲಾ" ಅಂದ ದೊಡ್ಡಪ್ಪ. ಆಟ, ಶಾಪಿಂಗು, ಜಾತಕ ಒಂದೊಂದಾಗಿ ಹೊರಬಿದ್ದವು. ಫೋನು ಚೊಕ್ಕಟಾದದ್ದು ಹುತಾತ್ಮರ ಗೌರವಕ್ಕೆ.

ನಿಜವಾದ ಕೆಲಸ ಅದಾದ ಮೇಲೆ. "ಬೋರಿನ ನಂಬರ್ ಮ್ಯಾಲಿರ್ಲಿ" ಅಂದ. ನಮ್ಮ ಕಡೆ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ, ಎಷ್ಟೋ ಸಲ ಅಪರಾತ್ರಿಗೆ. ಹಾವು ತುಳಿಯುವ ಭಯದಲ್ಲಿ ಹೊಲಕ್ಕೆ ಹೋಗುವುದು ಬೇಡವೆಂದು ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದ. ಅಂದರೆ ಮೋಟರಿನ ಪೆಟ್ಟಿಗೆಯೊಳಗೇ ಒಂದು ಸಿಮ್. ಫೋನು ಮಾಡಿದರೆ ಪೆಟ್ಟಿಗೆ ತಾನೇ ಎತ್ತುತ್ತದೆ, ಅವನದರಲ್ಲಿ 1 ಒತ್ತಿದರೆ ಮೋಟರು ಚಾಲು, 2 ಒತ್ತಿದರೆ ಬಂದ್. ಬಟನ್ ಫೋನಿನಲ್ಲಿ ಇದು ನಿದ್ದೆಗಣ್ಣಿನಲ್ಲೂ ಆಗುವ ಕೆಲಸ. ಹೊಸದರಲ್ಲಿ ಕರೆ ಹೋದ ಕೂಡಲೇ ಅಂಕಿಗಳು ಮಾಯ. ಕಿವಿಗೆ ಹಿಡಿದರೆ ತೆರೆಯೇ ಕಪ್ಪು. ಅಂಕಿ ಹುಡುಕಿ ಒತ್ತುವಷ್ಟರಲ್ಲಿ ಪೆಟ್ಟಿಗೆ ಫೋನು ಇಟ್ಟುಬಿಡುತ್ತಿತ್ತು.

"ಇದನ್ನ ವಾಪಸ್ ಕಳಸು. ನೀರ್ ಬಿಡಾಕ ಬರದ ಫೋನು ಯಾಕ ಬೇಕು?"

ಇದಕ್ಕೊಂದು ಉಪಾಯವಿದೆ. ನಂಬರನ್ನು ಉಳಿಸುವಾಗ ಕೊನೆಗೊಂದು ಅಲ್ಪವಿರಾಮ ಹಾಕಿ, ಅದರ ಮುಂದೆ 1 ಬರೆಯಬೇಕು. ಕರೆ ಎತ್ತಿದ ಮೇಲೆ ಫೋನು ಸುಮಾರು ಎರಡು ಸೆಕೆಂಡು ತಡೆದು 1ನ್ನು ತಾನೇ ಒತ್ತುತ್ತದೆ. ಪೆಟ್ಟಿಗೆ ಮೊದಲು ಏನಾದರೂ ಮಾತಾಡುವಂಥದ್ದಾದರೆ ಇನ್ನೂ ಒಂದೆರಡು ಅಲ್ಪವಿರಾಮ. 'ಬೋರ್ ಚಾಲು', 'ಬೋರ್ ಬಂದ್' ಎಂದು ಎರಡು ಹೆಸರು ಮಾಡಿ, ಒಂದೇ ತಾಗಿಗೆ ಕರೆ ಹೋಗುವ ಹಾಗೆ ತೆರೆಯ ಕೆಳತುದಿಯಲ್ಲಿಟ್ಟೆ. ಕರೆಂಟಿತ್ತು. ದೊಡ್ಡಪ್ಪ ಕಿರುಬೆರಳು ತಾಗಿಸಿದ. ಸ್ವಲ್ಪ ಹೊತ್ತಿಗೆ ಕತ್ತಲ ಆಚೆ ಪೈಪು ಕೆಮ್ಮಿ, ನೀರು ಬಿದ್ದ ಸದ್ದು ಕೇಳಿತು. "ಅಲ್ಪವಿರಾಮ ಹಾಕಾಕ ಸಾಲ್ಯಾಗ ಎಷ್ಟ್ ಹೊಡತ ತಿಂದೀನಿ, ಈಗ ಕೆಲಸಕ್ಕ ಬಂತ್ ನೋಡು."

ಬರೆಯುವ ಬದಲು ಮಾತಾಡಿದರೂ ಸಾಕು ಎಂದು ತೋರಿಸಿದೆ. ಗೂಗಲ್‌ನವರು ಕನ್ನಡ ಕೇಳಿ ಬರೆದುಕೊಳ್ಳುವ ಸೌಲಭ್ಯ ಕೊಟ್ಟದ್ದು ಹಿಂದಿನ ವರ್ಷದ ಆಗಸ್ಟಿನಲ್ಲಷ್ಟೆ. ದೊಡ್ಡಪ್ಪ ಫೋನನ್ನು ಬಾಯಿಯ ಹತ್ತಿರ ಹಿಡಿದು ದಲಾಲಿ ಅಂಗಡಿಯವರಿಗೆ, "ಗುರುವಾರ ಚೀಲ ತುಂಬ್ಕೊಂಡು ಬರಾಕತ್ತೀನಿ" ಅಂದ. ಮೂಡಿದ್ದು: 'ಗುರುವಾರ ಚೀಲ ತುಂಬಿಕೊಂಡು ಬರ ಕತ್ತಿ ನೀ.' ನಮ್ಮ ಕಡೆ ಕತ್ತಿ ಅಂದರೆ ಕತ್ತೆ. ಕಳಿಸುವ ಮೊದಲು ನೋಡಿದ್ದು ಪುಣ್ಯ. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, ಧಾರವಾಡ ಆಕಾಶವಾಣಿಯ ವಾರ್ತೆಯ ಧಾಟಿಯಲ್ಲಿ, "ಗುರುವಾರ ಚೀಲಗಳನ್ನು ತುಂಬಿಕೊಂಡು ಬರುತ್ತಿದ್ದೇನೆ" ಅಂದ. ಒಂದಕ್ಷರ ತಪ್ಪಲಿಲ್ಲ. ಕಿರುಬೆರಳಿನ ಮಾತು ಬಿಟ್ಟರೆ ಫೋನಿಗೆ ಅವನು ಬಗ್ಗಿದ ಜಾಗ ಅದೊಂದೇ. ಉಳಿದ ಕಡೆಯೆಲ್ಲ ಫೋನೇ ಅವನಿಗೆ ಬಗ್ಗಿತು. ಹಾವೇರಿ ಮಾತು ತಿಳಿಯದ ಯಂತ್ರಕ್ಕೆ ಕನ್ನಡ ಬರುತ್ತದೆ ಎಂದು ನಾನಂತೂ ಒಪ್ಪುವುದಿಲ್ಲ.

ಗುರುವಾರ ಬ್ಯಾಡಗಿ. ವಾರದಲ್ಲಿ ಸೋಮವಾರ, ಗುರುವಾರ ಅಲ್ಲಿ ಕಾಯಿಯ ಪೇಟೆ. ವರ್ತಕರು ರಾಶಿ ನೋಡಿ ಕಂಪ್ಯೂಟರಿನಲ್ಲಿ ದರ ಬರೆಯುತ್ತಾರೆ, ಟೆಂಡರು ತೆರೆದ ಮೇಲೆ ಮೊಬೈಲಿಗೆ ಮೆಸೇಜು. ಉಳಿದ ಆಪ್‌ಗಳ ಸದ್ದನ್ನೆಲ್ಲ ಮುಚ್ಚಿ ಮೆಸೇಜಿನದಷ್ಟೇ ಜೋರಾಗಿಟ್ಟಿದ್ದೆ. ಮಧ್ಯಾಹ್ನ ಫೋನು ಕೂಗಿತು. ದೊಡ್ಡಕ್ಷರದ ಅಂಕಿ, ಕನ್ನಡಕ ಬೇಕಾಗಲಿಲ್ಲ. ದರ ಅವನು ಅಂದುಕೊಂಡದ್ದಕ್ಕಿಂತ ಕಡಿಮೆಯೇ ಇತ್ತು. "ದರ ಹೆಚ್ಚಿಗಿ ಮಾಡೂ ಬಟನ್ ಹಾಕಿಲ್ಲೇನು?" ಎಂದು ಕೇಳಿ ಚಹಾ ತರಿಸಿದ.

2020ರ ಮುಂಗಾರಿಗೆ ಸರ್ಕಾರ ಬೆಳೆ ಸಮೀಕ್ಷೆಯನ್ನು ರೈತರೇ ಮಾಡಲಿ ಎಂದು ಆಪ್ ಬಿಟ್ಟಾಗ, ಓಣಿಯ ಹಲವರ ಹೊಲದಲ್ಲಿ ನಿಂತು ಫೋಟೋ ತೆಗೆದುಕೊಟ್ಟವನು ದೊಡ್ಡಪ್ಪನೇ.

ಊರಿನ ಹಿರಿಯರಿಗೆ ಫೋನು ಕೊಡಿಸುವವರು ಪೆಟ್ಟಿಗೆ ಕಳಿಸಿ ಕೈತೊಳೆದುಕೊಳ್ಳಬೇಡಿ. ಒಂದು ಸಂಜೆ ಪಕ್ಕದಲ್ಲಿ ಕೂತು ಭಾಷೆ ಕನ್ನಡ ಮಾಡಿ, ಬೇಡದ್ದು ತೆಗೆದು, ಬೋರಿನ ನಂಬರಿಗೊಂದು ಅಲ್ಪವಿರಾಮ ಹಾಕಿಕೊಡಿ.